ಕುದಿಬಿಸಿ ಲೋಹದಲ್ಲಿ ಎಷ್ಟು ಉಪ್ಪು ಕರಗಿದೆ? ಪತ್ತೆ ಹಚ್ಚುವುದು ಹೀಗೆ

ಸೋಡಿಯಂ ತುಂಡನ್ನು ನೀರಿಗೆ ಹಾಕಿದಾಗ ಬೆಂಕಿ ಹೊತ್ತಿ ಸಿಡಿಯುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಅವು ನಿಜ. ಇದೇ ಸೋಡಿಯಂ ಅನ್ನು ಕರಗಿಸಿ ಪರಮಾಣು ರಿಯಾಕ್ಟರ್‌ಗಳಲ್ಲಿ ಹರಿಸುತ್ತಾರೆ ಎಂಬುದೂ ನಿಜ. ತಮಿಳುನಾಡಿನ ಕಲ್ಪಾಕ್ಕಂನಲ್ಲಿ 1985ರಲ್ಲಿ ಶುರುವಾದ ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್‌ನ ಶಾಖವನ್ನು ಹೊರಗೆ ಸಾಗಿಸುವುದು ದ್ರವ ಸೋಡಿಯಂ. ಹಬೆ ತಯಾರಾಗುವ ಜಾಗದಲ್ಲಿ ಸೋಡಿಯಂ ಮತ್ತು ನೀರಿನ ನಡುವೆ ಇರುವುದು ಕೊಳವೆಯ ಗೋಡೆಯಷ್ಟೇ. ಅದು ಸೋರಿದರೆ ತಿಳಿಯುವುದು ಹೇಗೆ?

ಲೋಹದಲ್ಲಿ ಉಪ್ಪು ಕರಗುತ್ತದೆಯೇ?

ಕರಗುತ್ತದೆ. ಆದರೆ ಇದು ಅಡುಗೆ ಉಪ್ಪಲ್ಲ. ಸೋಡಿಯಂಗೆ ಗಾಳಿ ಅಥವಾ ನೀರಿನ ಅಂಶ ತಾಗಿದಾಗ ಸೋಡಿಯಂ ಆಕ್ಸೈಡ್, ಸೋಡಿಯಂ ಹೈಡ್ರೈಡ್‌ನಂಥ ಉಪ್ಪಿನ ಗುಣದ ಸಂಯುಕ್ತಗಳು ಹುಟ್ಟುತ್ತವೆ. ಬಿಸಿ ಹೆಚ್ಚಿದಷ್ಟೂ ಅವು ಹೆಚ್ಚು ಕರಗುತ್ತವೆ. ಒಂದು ಕಿಲೋ ಸೋಡಿಯಂನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 400 ಡಿಗ್ರಿಯಲ್ಲಿ ಸುಮಾರು 400 ಮಿಲಿಗ್ರಾಂ ಕರಗಬಲ್ಲದು.

ಅಳೆಯುವುದು ಹೇಗೆ?

ಸಕ್ಕರೆ ಪಾಕ ನೆನಪಿಸಿಕೊಳ್ಳಿ. ಬಿಸಿಯಿದ್ದಾಗ ತಿಳಿಯಾಗಿರುವ ಗಟ್ಟಿ ಪಾಕ, ಆರಿದಂತೆ ಹರಳುಗಟ್ಟುತ್ತದೆ. ‘ಪ್ಲಗಿಂಗ್ ಮೀಟರ್’ ಎಂಬ ಉಪಕರಣ ನಂಬಿಕೊಂಡಿರುವುದು ಇದನ್ನೇ. ಸೋಡಿಯಂ ಅನ್ನು ಸಣ್ಣ ರಂಧ್ರಗಳ ಮೂಲಕ ಹರಿಸುತ್ತಾ ನಿಧಾನವಾಗಿ ತಣಿಸುತ್ತಾರೆ. ಕರಗಿದ್ದ ಅಂಶ ಹರಳುಗಟ್ಟಿ ರಂಧ್ರಗಳಲ್ಲಿ ಕಟ್ಟಿಕೊಂಡಾಗ ಹರಿವು ಕುಗ್ಗುತ್ತದೆ. ಆ ಕ್ಷಣದ ಉಷ್ಣಾಂಶವನ್ನು ಮೊದಲೇ ಸಿದ್ಧಪಡಿಸಿದ ಕೋಷ್ಟಕಕ್ಕೆ ಹೋಲಿಸಿದರೆ ಎಷ್ಟು ಕರಗಿತ್ತು ಎಂಬ ಅಂದಾಜು ಸಿಗುತ್ತದೆ. ಹರಿವು ಹೆಚ್ಚು ಬಿಸಿಯಲ್ಲೇ ಕಟ್ಟಿಕೊಂಡರೆ ಕಲ್ಮಶ ಹೆಚ್ಚಿದೆ ಎಂದರ್ಥ.

ಸೋಡಿಯಂ ಶುದ್ಧಿಗೂ ಇದೇ ಉಪಾಯ. ‘ಕೋಲ್ಡ್ ಟ್ರ್ಯಾಪ್’ ಎಂಬ ತಂಪು ತೊಟ್ಟಿಯಲ್ಲಿ ಹಾಯಿಸಿದರೆ ಕಲ್ಮಶ ಅಲ್ಲೇ ಹರಳಾಗಿ ಉಳಿಯುತ್ತದೆ.

ಸೋರಿಕೆ ಗೊತ್ತಾಗುವುದು ಹೇಗೆ?

ನೀರು ಸೋರಿದರೆ ಸೋಡಿಯಂನಲ್ಲಿ ಜಲಜನಕ ಏರುತ್ತದೆ. ಪ್ಲಗಿಂಗ್ ಮೀಟರ್ ಇದಕ್ಕೆ ತುಸು ನಿಧಾನ. ಹಾಗಾಗಿ ತೆಳು ನಿಕಲ್ ಪೊರೆಯ ಮೂಲಕ ಜಲಜನಕವನ್ನು ಸೋಸಿ ಗುರುತಿಸುವ ಸಂವೇದಕಗಳನ್ನೂ ಬಳಸುತ್ತಾರೆ. ಸೋರಿಕೆ ಸಣ್ಣದಿರುವಾಗಲೇ ಎಚ್ಚರಿಸುವುದು ಇವುಗಳ ಕೆಲಸ.

ಹಾಗಾದರೆ ಭಯ ಬೇಡವೇ?

ಸೋಡಿಯಂ ನಿರುಪದ್ರವಿ ಎಂದು ನಾವು ಹೇಳುತ್ತಿಲ್ಲ. 1995ರ ಡಿಸೆಂಬರ್‌ನಲ್ಲಿ ಜಪಾನಿನ ಮೊಂಜು ರಿಯಾಕ್ಟರ್‌ನಲ್ಲಿ ಸೋಡಿಯಂ ಹೊರಗೆ ಸೋರಿ, ಗಾಳಿ ತಾಗಿ ಬೆಂಕಿ ಹೊತ್ತಿತ್ತು. ಅಪಾಯ ಇರುವುದರಿಂದಲೇ ಈ ಅಳತೆಗಳು ಬೇಕು. ‘ಸೋಡಿಯಂ ಸಿಡಿಯುತ್ತದೆ, ಆದ್ದರಿಂದ ರಿಯಾಕ್ಟರ್ ಎಂದರೆ ಬಾಂಬ್’ ಎಂಬ ಸಂದೇಶ ಬಂದರೆ, ಅದರ ಮೊದಲ ಮಾತು ಸರಿ, ಎರಡನೆಯದು ತಪ್ಪು ಎಂದು ನೆನಪಿಡಿ. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಯೋಚಿಸಿ.