ಒಂದೇ ಕೀಲಿ, ಮೂರು ಊರು

ಬಳ್ಳಾರಿ ಗುಡ್ಡದ ಕೋಟೆಯನ್ನು ಕುರಿತು ನಮ್ಮ ಭಾಗದಲ್ಲಿ ಒಂದು ಐತಿಹ್ಯವುಂಟು. 18ನೆಯ ಶತಮಾನದಲ್ಲಿ ಹೈದರಾಲಿಯು ಈ ಕೋಟೆಯನ್ನು ಪಡೆದ ಮೇಲೆ ಫ್ರೆಂಚ್ ಎಂಜಿನಿಯರನೊಬ್ಬನಿಂದ ಅದನ್ನು ಬಲಪಡಿಸಿದನಂತೆ. ಗೋಡೆ, ಬುರುಜು, ಬಾಗಿಲುಗಳೆಲ್ಲ ಭದ್ರವಾಗಿ ಮುಗಿದ ತರುವಾಯ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆ, ಅಲ್ಲಿಂದ ವೈರಿಯ ಫಿರಂಗಿಯು ಸುಲಭವಾಗಿ ಗುರಿಯಿಡಬಲ್ಲದು ಎಂಬುದು ಕಣ್ಣಿಗೆ ಬಿತ್ತು. ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದರೆಂದು ಹಿರಿಯರು ಹೇಳುತ್ತಾರೆ. ಬಾಲ್ಯದಿಂದ ಕೇಳುತ್ತ ಬಂದ ಈ ಕಥೆಯ ಅರ್ಥ ನನಗೆ ಮನವರಿಕೆಯಾದದ್ದು ನನ್ನ ಕಾಯಕದಲ್ಲಿಯೇ ಪೆಟ್ಟು ಬಿದ್ದ ದಿನ.

ನಾನು ಬಳ್ಳಾರಿ ನಗರದಲ್ಲಿ ಇಬ್ಬರು ಸಹಾಯಕರೊಡನೆ ಸಣ್ಣದೊಂದು ತಂತ್ರಾಂಶ ಸಲಹಾ ಕಚೇರಿಯನ್ನು ನಡೆಸುತ್ತಿದ್ದೇನೆ. ನಗರದ ಜೀನ್ಸ್ ಉಡುಪಿನ ಘಟಕ, ಸಿರುಗುಪ್ಪದ ಅಕ್ಕಿ ಗಿರಣಿ, ಕುರುಗೋಡಿನ ಗೊಬ್ಬರದ ಅಂಗಡಿ ಮೊದಲಾದ ಕಡೆ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸುವುದು, ಅವು ಕೆಟ್ಟಾಗ ಸರಿಪಡಿಸುವುದು ನಮ್ಮ ಕೆಲಸ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಪ್ರತಿ ಸಣ್ಣ ದೋಷಕ್ಕೂ ಬಸ್ಸು ಹತ್ತುವುದು ತಪ್ಪಲೆಂದು, ನನ್ನ ಮೇಜಿನಿಂದಲೇ ಅವರ ಯಂತ್ರಗಳನ್ನು ನಡೆಸುವ ಒಂದು ದಾರಿಯನ್ನು ಅಂತರ್ಜಾಲದ ಮೂಲಕ ತೆರೆದಿಟ್ಟಿದ್ದೆ. ಮರೆಯಬಾರದೆಂದು ಮೂರು ಕಡೆಗೂ ಒಂದೇ ಗುಪ್ತಪದವನ್ನು ಇಟ್ಟಿದ್ದೆ. ಅದೂ ಊಹಿಸಲು ಸುಲಭವಾದದ್ದು.

2018ರ ಡಿಸೆಂಬರಿನ ಒಂದು ಮುಂಜಾನೆ ಸಿರುಗುಪ್ಪದ ಗಿರಣಿಯಿಂದ ದೂರವಾಣಿ ಬಂತು. ಯಂತ್ರದ ಕಡತಗಳು ಒಂದೂ ತೆರೆಯುತ್ತಿಲ್ಲ. ಹಣ ಕೊಟ್ಟರೆ ಮಾತ್ರ ಬೀಗ ತೆಗೆಯುವುದಾಗಿ ಪರದೆಯ ಮೇಲೆ ಬೆದರಿಕೆಯ ಬರಹ. ಇದಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಅದು ಕಡತಗಳನ್ನು ಕದ್ದೊಯ್ಯಬೇಕಾಗಿಲ್ಲ. ಅವುಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಯನ್ನು ಕಳ್ಳನ ಬಳಿ ಇರಿಸಿದರೆ ಸಾಕು. ಪ್ರತಿ ಸಂಜೆ ನಕಲು ತೆಗೆಯುವ ತಟ್ಟೆಯನ್ನೂ ನಾನೇ ಅಲ್ಲಿ ಜೋಡಿಸಿದ್ದೆ. ಆದರೆ ಅದು ಹಗಲಿರುಳು ಯಂತ್ರಕ್ಕೇ ಅಂಟಿಕೊಂಡಿದ್ದರಿಂದ ಮೂಲದೊಡನೆ ನಕಲಿಗೂ ಬೀಗ ಬಿದ್ದಿತ್ತು.

ತಕ್ಷಣ ಉಳಿದೆರಡು ಊರುಗಳ ನೆನಪಾಗಿ ಎದೆ ಝಲ್ಲೆಂದಿತು. ಅಂತರ್ಜಾಲದ ತಂತಿಯನ್ನು ಕೀಳಿರೆಂದು ಇಬ್ಬರಿಗೂ ಕರೆ ಮಾಡಿದೆ. ಬಳ್ಳಾರಿಯ ಘಟಕದ ಯಂತ್ರದಲ್ಲಿ ಹಿಂದಿನ ರಾತ್ರಿಯೇ ಅಪರಿಚಿತರು ಒಳಹೊಕ್ಕು ನೋಡಿದ ಗುರುತು ಉಳಿದಿತ್ತು. ಬೀಗ ಮಾತ್ರ ಬಿದ್ದಿರಲಿಲ್ಲ. ಕುರುಗೋಡಿನ ಅಂಗಡಿಯವರು ವಿದ್ಯುತ್ತಿನ ಉಳಿತಾಯಕ್ಕಾಗಿ ರಾತ್ರಿ ಯಂತ್ರವನ್ನು ಆರಿಸುತ್ತಿದ್ದರು. ಅವರನ್ನು ಕಾಪಾಡಿದ್ದು ಆ ಮಿತವ್ಯಯವೇ ಹೊರತು ನನ್ನ ಜಾಣ್ಮೆಯಲ್ಲ.

ಸಿರುಗುಪ್ಪಕ್ಕೆ ಹೋದಾಗ ಗಿರಣಿಯ ಮುಂದೆ ರೈತರು ಕುಳಿತಿದ್ದರು. ತುಂಗಭದ್ರೆಯ ನೀರಿನಲ್ಲಿ ಬೆಳೆದ ಭತ್ತವನ್ನು ಅಳೆದುಕೊಟ್ಟು, ಬಾಕಿಗಾಗಿ ಬಂದವರು. ಮಗಳ ಮದುವೆಗೆ ಹಣ ಬೇಕಾಗಿದ್ದ ಒಬ್ಬ ಹಿರಿಯರು ನನ್ನನ್ನು ಕೇಳಿದರು: “ಯಂತ್ರ ಕೆಟ್ಟರೆ ನನ್ನ ಭತ್ತವೂ ಕೆಟ್ಟಿತೇನಪ್ಪಾ?” ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. ಅವರ ಬಳಿಯಿದ್ದ ತೂಕದ ಚೀಟಿಯನ್ನೇ ನಂಬಿ ಗಿರಣಿಯ ಯಜಮಾನರು ಅಂದೇ ಹಣ ಎಣಿಸಿಕೊಟ್ಟರು. ಕಳ್ಳರಿಗೆ ಮಾತ್ರ ಬಿಡಿಗಾಸನ್ನೂ ಕೊಡಲಿಲ್ಲ. ಕೊಟ್ಟರೂ ಕೀಲಿ ದೊರೆತೀತೆಂಬ ಭರವಸೆಯಿರದು. ಮೇಲಾಗಿ ಕೊಟ್ಟ ಹಣವು ಮುಂದಿನ ಕಳವಿಗೆ ಬಂಡವಾಳವಾಗುತ್ತದೆ.

ಅಲ್ಲಿನ ವಯೋವೃದ್ಧ ಗುಮಾಸ್ತರಿಗೆ, ಇನ್ನು ಕೈಬರಹದ ಖಾತೆ ಬೇಡವೆಂದು ನಾನು ಹಲವು ಸಲ ಹೇಳಿದ್ದೆ. ಅವರು ಕೇಳಿರಲಿಲ್ಲ. ಆ ಪುಸ್ತಕವನ್ನೂ ತೂಕದ ಚೀಟಿಗಳನ್ನೂ ಮುಂದಿಟ್ಟುಕೊಂಡು ಹನ್ನೊಂದು ದಿನ ಹಗಲಿರುಳು ಕುಳಿತು ಲೆಕ್ಕವನ್ನು ಮರಳಿ ಕಟ್ಟಿದೆವು. ಯಾವ ರೈತರ ಬಾಕಿಯೂ ಮುಳುಗಲಿಲ್ಲ. ಆದರೆ ಹಲವರು ಕಾಯಬೇಕಾಯಿತು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಕೆಲವು ನಿಯಮಗಳು ನಡೆದುಬಂದಿವೆ. ಮೊದಲನೆಯದು, ಒಂದೊಂದು ಮನೆಗೂ ಬೇರೆ ಕೀಲಿ. ಗುಪ್ತಪದ ಉದ್ದವಾಗಿರಬೇಕು, ಅದರೊಡನೆ ಮೊಬೈಲಿನಲ್ಲಿ ಇನ್ನೊಂದು ದೃಢೀಕರಣವೂ ಇರಬೇಕು. ದೂರದಿಂದ ಬರುವ ದಾರಿಯು ಕೆಲಸವಿದ್ದಾಗ ಮಾತ್ರ, ಯಜಮಾನರ ಒಪ್ಪಿಗೆಯಿಂದ ತೆರೆಯಬೇಕು.

ಎರಡನೆಯದು, ಲೆಕ್ಕದ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ನಕಲು ಮುಗಿದೊಡನೆ ತಟ್ಟೆಯನ್ನು ಯಂತ್ರದಿಂದ ಬಿಡಿಸಿಡಬೇಕು. ತಿಂಗಳಿಗೊಮ್ಮೆ ಆ ನಕಲಿನಿಂದ ಲೆಕ್ಕವನ್ನು ತೆರೆದು ನೋಡಲೇಬೇಕು. ಮೊಳಕೆ ಪರೀಕ್ಷಿಸದ ಬೀಜವನ್ನು ಯಾವ ರೈತರೂ ನಂಬಿ ಬಿತ್ತುವುದಿಲ್ಲವಷ್ಟೆ!

ಮೂರನೆಯದು, ಯಂತ್ರದ ದುರಸ್ತಿಯನ್ನು ಮುಂದೂಡಬಾರದು. 2017ರ ಮೇ 12ರಂದು ಹಬ್ಬತೊಡಗಿದ ವನ್ನಾಕ್ರೈ ಎಂಬ ಇಂಥದೇ ಪಿಡುಗು ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ತಗುಲಿ, ಬ್ರಿಟನ್ನಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚಿಯಲ್ಲಿಯೇ ತೇಪೆ ಒದಗಿಸಿತ್ತು; ಹಾಕಿಕೊಳ್ಳದವರು ಹಾನಿಗೊಳಗಾದರು.

ನಾಲ್ಕನೆಯದು, ಯಾರು ಏನು ಮಾಡಿದರೆಂಬ ಗುರುತು ಉಳಿಯಬೇಕು. ನಮ್ಮ ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಗಣಕಯಂತ್ರಕ್ಕೇರಿದಾಗ, ತಾಲ್ಲೂಕು ಕಚೇರಿಯ ಸಿಬ್ಬಂದಿಯು ತಮ್ಮ ಬೆರಳಚ್ಚು ಕೊಟ್ಟೇ ಒಳಹೋಗುವ ಏರ್ಪಾಡನ್ನು ಮಾಡಲಾಗಿತ್ತು. ಒಬ್ಬರ ಹೆಸರಿನಲ್ಲಿ ನಾಲ್ವರು ಕೆಲಸ ಮಾಡುವ ಅಂಗಡಿಯಲ್ಲಿ ತಪ್ಪಿಗೆ ವಾರಸುದಾರರೇ ಇರುವುದಿಲ್ಲ.

ಐದನೆಯದು, ಪೆಟ್ಟು ಬಿದ್ದರೆ ಮುಚ್ಚಿಡಬಾರದು. 2022ರ ಏಪ್ರಿಲ್ 28ರಂದು ಹೊರಟ ನಿರ್ದೇಶನದಂತೆ, ಇಂಥ ಘಟನೆಯನ್ನು ಅರಿತ 6 ಗಂಟೆಗಳೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕಾಗಿದೆ. ಹಣ ಕಳೆದುಹೋದ ಗೃಹಸ್ಥರು ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು.

ಇದು ವ್ಯಾಪಾರಿಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಇಂದು ಮನೆಯ ತಾಯಂದಿರ ಕೈಯಲ್ಲಿರುವ ಮೊಬೈಲೂ ಒಂದು ತಿಜೋರಿಯೇ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತೆಂದು ಹೇಳುವವನು ನಿಮ್ಮ ಹಣವನ್ನು ಎಳೆಯಲು ಬಂದವನು. ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಹೇಳಬಾರದು. ಈ ಎರಡು ಮಾತುಗಳನ್ನು ಮನೆಯ ಹಿರಿಯರಿಗೆ ಮಕ್ಕಳು ಸಮಾಧಾನದಿಂದ ತಿಳಿಹೇಳಬೇಕು. ಮೋಸಹೋದವರನ್ನು ಗದರಿದರೆ ಮುಂದಿನ ಸಲ ಅವರು ಹೇಳದೆ ಮುಚ್ಚಿಡುವರು.

ಕೋಟೆ ಕಟ್ಟಿದವನಂತೆ ನಾನೂ ಗೋಡೆಯನ್ನಷ್ಟೇ ನೋಡಿದ್ದೆ. ನನ್ನ ಅನುಕೂಲವೇ ಗಿರಣಿಗೆ ಎದುರಾಗಿ ನಿಂತ ಕುಂಬಾರ ಗುಡ್ಡವಾಗಿತ್ತು. ಯಜಮಾನರು ನನ್ನನ್ನು ಕ್ಷಮಿಸಿ, ಇಂದಿಗೂ ಕೆಲಸ ಕೊಡುತ್ತಿದ್ದಾರೆ. ಈಗ ತಿಂಗಳಿಗೊಮ್ಮೆ ನಾನೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ ನಕಲನ್ನು ಪರೀಕ್ಷಿಸಿ ಬರುತ್ತೇನೆ. ಗುಮಾಸ್ತರ ಕೈಬರಹದ ಖಾತೆಯನ್ನು ನಿಲ್ಲಿಸಿರೆಂದು ಮತ್ತೆಂದೂ ಹೇಳಿಲ್ಲ.