ನಿಮಗಿದು ಗೊತ್ತೆ? ನಮ್ಮ ಕಡ್ಲೆಕಾಯಿ ಚಟ್ನಿಗೆ ಪೆರುವಿನ ನಂಟು

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಸೀಮೆಯಲ್ಲಿ ನೆಂಟರಿಗೆ ಬಡಿಸುವ ಮುದ್ದೆಯೂಟಕ್ಕೆ ಹುರಿದ ಕಡ್ಲೆಕಾಯಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ರುಬ್ಬಿದ ಚಟ್ನಿ ಒಳ್ಳೆಯ ಜೋಡಿ. ಇದರಲ್ಲಿ ಕಡ್ಲೆಕಾಯಿ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡಗಳಿಂದ ಬಂದವು. ಕಡ್ಲೆಕಾಯಿಯ ತವರಂತೂ ದಕ್ಷಿಣ ಅಮೆರಿಕವೇ. ಪೆರುವಿನ ಸಿಪಾನ್‌ನಲ್ಲಿ 1987ರಲ್ಲಿ ಪತ್ತೆಯಾದ ಪ್ರಾಚೀನ ಮೋಚೆ ಜನರ ದೊರೆಯ ಸಮಾಧಿಯಲ್ಲಿ ಚಿನ್ನ, ಬೆಳ್ಳಿಯ ಕಡ್ಲೆಕಾಯಿಗಳನ್ನು ಪೋಣಿಸಿದ ಸರ ಸಿಕ್ಕಿತು. ಸಿಪ್ಪೆಯ ಮೇಲಿನ ಗೆರೆಗಳನ್ನೂ ಅಕ್ಕಸಾಲಿಗರು ಬಿಡದೆ ಮೂಡಿಸಿದ್ದಾರೆ. ಬರೀ ಹೊಟ್ಟೆ ತುಂಬಿಸುವ ಕಾಳಾಗಿದ್ದರೆ ದೊರೆಯ ಕೊರಳಿಗೆ ಏರುತ್ತಿತ್ತೆ? ಇಂದಿಗೂ ಅಲ್ಲಿನ ಮನೆಗಳಲ್ಲಿ ಒಣಗಿಸಿದ ಆಲೂಗಡ್ಡೆ, ಮೆಣಸಿನಕಾಯಿ, ಕಡ್ಲೆಕಾಯಿ ಸೇರಿಸಿ ಬೇಯಿಸುವ ‘ಕಾರಾಪುಲ್ಕ್ರಾ’ ಹಬ್ಬದಡುಗೆ. ಮಸಾಲೆ ಅರೆಯಲು ‘ಬತಾನ್’ ಎಂಬ ಕಲ್ಲೂ ಉಂಟು.

ಬೀಜ ಅಲ್ಲಿಯದಾದರೂ ಅಡುಗೆ ನಮ್ಮದೇ ಅಲ್ಲವೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಸಾಸಿವೆ, ಕರಿಬೇವಿನ ಒಗ್ಗರಣೆ ಅಲ್ಲಿಲ್ಲ, ಕಾರಾಪುಲ್ಕ್ರಾಕ್ಕೆ ಅವರು ಹಾಕುವ ಮಾಂಸ ನಮ್ಮ ಚಟ್ನಿಯಲ್ಲಿಲ್ಲ. ಆದರೆ ನಮ್ಮದೆಂದು ಹೆಮ್ಮೆಪಡುವ ರಾಗಿಯೂ ಆಫ್ರಿಕಾದಿಂದ ಬಂದದ್ದೇ. ಬಂದದ್ದನ್ನು ಒಲಿಸಿಕೊಂಡು ಬಡಿಸಿದ್ದೇ ನಮ್ಮವರ ಜಾಣ್ಮೆ. ಹಾಗಾಗಿ ಪೆರುವಿನಲ್ಲಿ ಯಾರಾದರೂ ಊಟಕ್ಕೆ ಕರೆದರೆ ಹಿಂಜರಿಯದೆ ಹೋಗಿ; ತಟ್ಟೆಯಲ್ಲಿ ಕಡ್ಲೆಕಾಯಿ, ಮೆಣಸಿನಕಾಯಿ ಪರಿಚಯದವೇ.