ವಿದೇಶೀ ಅತಿಥಿಗಳಿಗೆ ಮನೆ ಕೊಡುವಾಗ ಕರಾರು ಪತ್ರ ಹೇಗಿರಬೇಕು?

ಶ್ರವಣಬೆಳಗೊಳಕ್ಕೆ ಬರುವ ಪರದೇಶದ ಯಾತ್ರಿಕರು ನಮ್ಮ ಜಿಲ್ಲೆಗೆ ಹೊಸಬರೇನಲ್ಲ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಳೆಗಾರರಲ್ಲಿ ಹಲವರು ತೋಟದ ಹಳೆಯ ಮನೆಯನ್ನೋ ಮನೆಯ ಒಂದು ಭಾಗವನ್ನೋ ರಿಪೇರಿ ಮಾಡಿಸಿ ಅತಿಥಿಗಳಿಗೆ ಕೊಡುತ್ತಿದ್ದಾರೆ. ಕಾಫಿ, ಅಡಿಕೆಯ ಧಾರಣೆಯನ್ನು ನೆಚ್ಚಿ ಕೂರಲಾಗದ ಸಣ್ಣ ಹಿಡುವಳಿದಾರರಿಗೆ ಇದೊಂದು ಉಪವರಮಾನ. ಆದರೆ ಅತಿಥಿ ಹೆಚ್ಚು ದಿನ ಉಳಿಯುವುದಾದರೆ, ಪೇಟೆಯಲ್ಲಿ ಸಿಗುವ ಅಚ್ಚಾದ ಬಾಡಿಗೆ ಕರಾರಿನ ನಮೂನೆಯನ್ನು ತಂದು ಸಹಿ ಹಾಕಿಸುವ ರೂಢಿ ಇದೆ. ಈ ರೂಢಿ ಒಳ್ಳೆಯದಲ್ಲ. ಕಾರಣವನ್ನು ಸದಸ್ಯ ಬಾಂಧವರು ತಿಳಿದಿರಬೇಕು.

ಕಾನೂನಿನಲ್ಲಿ ಮನೆ ಕೊಡುವ ಕ್ರಮ ಎರಡು ಬಗೆ. ಒಂದು ಬಾಡಿಗೆ ಅಥವಾ ಗುತ್ತಿಗೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 105ನೇ ಕಲಮಿನಂತೆ ಇದರಲ್ಲಿ ಸ್ವತ್ತನ್ನು ಅನುಭವಿಸುವ ಹಕ್ಕೇ ಇನ್ನೊಬ್ಬರಿಗೆ ಹೋಗುತ್ತದೆ. ಇನ್ನೊಂದು ಲೈಸೆನ್ಸ್, ಅಂದರೆ ಬರಿಯ ತಂಗುವ ಅನುಮತಿ. ಅದೇ ವರ್ಷದ ಈಸ್‌ಮೆಂಟ್ಸ್ ಕಾಯಿದೆಯ 52ನೇ ಕಲಂ ಇದನ್ನು ವಿವರಿಸುತ್ತದೆ. ಇದರಲ್ಲಿ ಸ್ವಾಧೀನ ಮಾಲೀಕನಲ್ಲೇ ಉಳಿಯುತ್ತದೆ. ಬಾಡಿಗೆದಾರನನ್ನು ಬಿಡಿಸಲು ನೋಟೀಸು, ದಾವೆ ಎಂದು ಅಲೆಯಬೇಕಾಗಬಹುದು. ಅತಿಥಿಯಾದರೋ ಅವಧಿ ಮುಗಿದೊಡನೆ ಹೊರಡತಕ್ಕವನು.

ಹಾಗೆಂದು ಪತ್ರದ ತಲೆಯ ಮೇಲೆ ‘ಲೈಸೆನ್ಸ್’ ಎಂದು ಬರೆದರೆ ಸಾಲದು. ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಕಪೂರ್ ಎಂಬುವರ ಮೊಕದ್ದಮೆಯಲ್ಲಿ 1959ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಪತ್ರದಲ್ಲಿ ಲೈಸೆನ್ಸ್ ಎಂದಿದ್ದರೂ ಕೋಣೆಗಳ ಪೂರ್ಣ ಸ್ವಾಧೀನವನ್ನು ಬಿಟ್ಟುಕೊಟ್ಟಿದ್ದರಿಂದ ಅದು ಬಾಡಿಗೆಯೇ ಎಂದು ಬಹುಮತದ ತೀರ್ಪಾಯಿತು. ಹೆಸರಿಗಿಂತ ನಡವಳಿಕೆ ಮುಖ್ಯ. ಆದ್ದರಿಂದ ಒಂದು ಬೀಗದ ಕೈ ನಿಮ್ಮಲ್ಲಿರಲಿ. ಕೋಣೆ ಗುಡಿಸುವುದು, ಹಾಸಿಗೆ ಬದಲಿಸುವುದು ನಿಮ್ಮ ಮನೆಯವರಿಂದಲೇ ನಡೆಯಲಿ. ಹಣವನ್ನು ದಿನದ ಅಥವಾ ವಾರದ ಲೆಕ್ಕದಲ್ಲಿ ಪಡೆದು ರಸೀತಿ ಕೊಡಿ.

ಹನ್ನೊಂದು ತಿಂಗಳ ಕರಾರು ಮಾಡಿದರೆ ಯಾವ ತೊಂದರೆಯೂ ಇಲ್ಲವೆಂಬ ನಂಬಿಕೆ ಹಲವರಲ್ಲಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂಬ ನಿಯಮದಿಂದ ಈ ರೂಢಿ ಬಂದಿತು. ಇದರಿಂದ ನೋಂದಣಿ ತಪ್ಪಬಹುದು, ಬಾಡಿಗೆದಾರನ ಹಕ್ಕು ತಪ್ಪುವುದಿಲ್ಲ.

1974ರ ಭೂ ಸುಧಾರಣೆಯಲ್ಲಿ ಗೇಣಿಯ ಜಮೀನುಗಳ ಗತಿ ಏನಾಯಿತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಆ ಕಾಯಿದೆಯ ನಿರ್ಬಂಧವಿದೆ. ಆದಕಾರಣ ಪತ್ರದಲ್ಲಿ ಕೋಣೆ, ವರಾಂಡ, ಬಚ್ಚಲುಮನೆ ಎಂದು ಮಾತ್ರ ನಮೂದಿಸಿ, ತೋಟ, ಕಣ, ಗೋಡೌನು ಇದರಲ್ಲಿ ಸೇರಿಲ್ಲವೆಂದು ಕಾಣಿಸತಕ್ಕದ್ದು.

ಇನ್ನು ಪತ್ರದಲ್ಲಿ ಇರಲೇಬೇಕಾದ ಬಾಬುಗಳು:

1. ಅತಿಥಿಯ ಹೆಸರು, ಸ್ವದೇಶದ ವಿಳಾಸ, ಪಾಸ್‌ಪೋರ್ಟ್ ಮತ್ತು ವೀಸಾದ ಸಂಖ್ಯೆ, ವೀಸಾ ಮುಗಿಯುವ ದಿನ. ತಂಗುವ ಅವಧಿ ಆ ದಿನವನ್ನು ಮೀರಕೂಡದು.

2. ಬರುವ ಹೋಗುವ ತಾರೀಖು, ದರ, ಮುಂಗಡ. ಬರುವುದು ರದ್ದಾದರೆ ಎಷ್ಟು ವಾಪಸು ಎಂಬುದು. ಹಣ ಬ್ಯಾಂಕಿನ ಮೂಲಕ ಬಂದರೆ ಲೆಕ್ಕ ಚೊಕ್ಕಟ.

3. ಕೋಣೆಯಲ್ಲಿರುವ ಸಾಮಾನಿನ ಪಟ್ಟಿ, ಠೇವಣಿ, ಅದನ್ನು ಹಿಂದಿರುಗಿಸುವ ದಿನ.

4. ಎಚ್ಚರಿಕೆಗಳು: ಬಾವಿ, ಪಲ್ಪರ್ ಯಂತ್ರ, ಔಷಧಿ ಸಿಂಪಡಿಸುವ ದಿನಗಳು. ಸಕಲೇಶಪುರ, ಆಲೂರಿನ ಕಡೆ ಕತ್ತಲಾದ ಮೇಲೆ ಆನೆಯ ಭಯ. ‘ಯಾವ ಅಪಘಾತಕ್ಕೂ ನಾವು ಹೊಣೆಯಲ್ಲ’ ಎಂದು ಬರೆದುಕೊಂಡರೆ ನಮ್ಮ ಅಜಾಗರೂಕತೆಗೆ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಹಣ ಕೊಟ್ಟ ಅತಿಥಿಯೂ ಗ್ರಾಹಕನೇ.

5. ಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದ್ದರೆ, ವ್ಯತ್ಯಾಸ ಬಂದಾಗ ಯಾವುದು ಊರ್ಜಿತ ಎಂಬ ಮಾತು. ಪ್ರತಿ ಪುಟಕ್ಕೂ ಇಬ್ಬರ ಸಹಿ.

ಕರಾರಿಗಿಂತಲೂ ತುರ್ತಿನ ಕೆಲಸ ಒಂದಿದೆ. ವಿದೇಶೀಯರು ಬಂದಿಳಿದ 24 ಗಂಟೆಯೊಳಗೆ, ‘ಸಿ ಫಾರಂ’ ಎಂದೇ ರೂಢಿಯಲ್ಲಿರುವ ವರದಿಯನ್ನು ಗಣಕಯಂತ್ರದ ಮೂಲಕ ಕಳಿಸಬೇಕು. 1946ರ ವಿದೇಶೀಯರ ಕಾಯಿದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ; ಈ ಹೊಣೆ ಅದರಲ್ಲೂ ಮನೆಯವರದೇ. ಮೊದಲ ಅತಿಥಿ ಬರುವ ಮುಂಚೆಯೇ ಜಿಲ್ಲಾ ಪೊಲೀಸ್ ಕಛೇರಿಯಲ್ಲಿ ವಿಚಾರಿಸಿ ಹೆಸರು ದಾಖಲಿಸಿಕೊಳ್ಳಿ. ಹೋಮ್‌ಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲೂ ನೋಂದಾಯಿಸಿಕೊಳ್ಳಬೇಕು.

ಊಟ ವಸತಿಗೆ ಪ್ರತಿಯಾಗಿ ಕಾಫಿ ಹಣ್ಣು ಕುಯ್ದುಕೊಡುತ್ತೇವೆ ಎನ್ನುವ ಯುವಕರೂ ಬರುವುದುಂಟು. ಪ್ರವಾಸಿ ವೀಸಾದಲ್ಲಿ ಬಂದವರು ಕೆಲಸಕ್ಕೆ ನಿಲ್ಲುವಂತಿಲ್ಲ. ಆಳಿನ ಅಭಾವ ಎಷ್ಟೇ ಇರಲಿ, ಇದಕ್ಕೆ ಒಪ್ಪಬಾರದು.

ಕೊನೆಯದಾಗಿ ತೆರಿಗೆಯ ಮಾತು. ಮನೆ ತೋಟದ ನಡುವೆ ಇದೆಯೆಂದ ಮಾತ್ರಕ್ಕೆ ಅತಿಥಿಗಳಿಂದ ಬಂದ ಹಣ ಕೃಷಿ ವರಮಾನವಾಗುವುದಿಲ್ಲ. ಅದಕ್ಕೆ ಬೇರೆ ಪುಸ್ತಕ ಇಡಿ, ರಸೀತಿಗಳನ್ನು ಜೋಪಾನ ಮಾಡಿ.

ಈ ಅಂಶಗಳನ್ನಿಟ್ಟು ಕರಡು ಬರೆದು, ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ, ಆಮೇಲೆ ಸ್ಟಾಂಪು ಕಾಗದಕ್ಕೆ ಏರಿಸಬೇಕಾಗಿ ಸದಸ್ಯರಲ್ಲಿ ವಿನಂತಿ.